ಸೋರುವ ಮಾಳಿಗೆ, ದೇಹದೇಗುಲ

ಯಲವಿಗಿಯೇ ಮೊದಲಾದ ಸವಣೂರು-ಶಿಗ್ಗಾವಿ ಸೀಮೆಯ ಊರುಗಳಲ್ಲಿ ಹಳೆಯ ಮಣ್ಣಿನ ಮಾಳಿಗೆಗಳಿಗೆ ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕುವುದು ರೂಢಿ. ಇದನ್ನರಿತವರಿಗೆ ಶಿಶುನಾಳ ಶರೀಫರ (೧೮೧೯–೧೮೮೯) ಸೋರುವ ಮಾಳಿಗೆಯ ತತ್ತ್ವಪದದ ಹುರುಳು ಬೇಗನೆ ತಿಳಿಯುವುದು.

ಆ ಪದವನ್ನು ಬರಿಯ ದೇಹನಿಂದೆಯೆಂದು ವ್ಯಾಖ್ಯಾನಿಸುವುದು ಸಲ್ಲದು. ಸೋರಿಕೆಗೆ ಕಾರಣವೆಂದು ಶರೀಫರು ಹೇಳುವುದು ಮಾಳಿಗೆಯ ಮುಪ್ಪನ್ನಲ್ಲ, ಅಜ್ಞಾನವನ್ನು. ದೇಹವನ್ನೇ ದೇಗುಲವೆಂದ ಬಸವಣ್ಣನವರ ನಿಲುವಿಗೆ ಇದು ವಿರುದ್ಧವೆಂಬಂತೆ ತೋರಬಹುದು. ಆದರೆ ಅಲ್ಲಿಯೂ ದೇಹಕ್ಕೆ ಬೆಲೆ ಬಂದುದು ಅದು ಶಾಶ್ವತವೆಂದಲ್ಲ. ಕಲ್ಲಿನ ಸ್ಥಾವರಕ್ಕಿಲ್ಲದ ಜಂಗಮಚೈತನ್ಯ ಅದರಲ್ಲಿದೆಯೆಂದು. ಬಾಳು ಅಲ್ಪವೆಂಬ ಅರಿವು ಇಬ್ಬರಲ್ಲಿಯೂ ಶೋಕಕ್ಕೆ ಎಡೆಯಾಗದೆ ಎಚ್ಚರಕ್ಕೆ ಎಡೆಯಾಗಿದೆ.

ಮಳೆಯನ್ನು ತಡೆಯುವವರಿಲ್ಲ, ಮಣ್ಣು ಹಾಕುವ ಕೆಲಸವಾದರೋ ಇಂದಿನದು. ಮರಣಭಯವನ್ನು ಕಳೆಯುವ ಬಗೆಯೂ ಇದೇ.