ಸಂಕಮ್ಮನ ಭಾಷೆ

ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹಾಡಿಕೊಂಡು ಬಂದಿರುವ ಮಲೆಯ ಮಾದೇಶ್ವರನ ಕಾವ್ಯವನ್ನು ಭಕ್ತಿಯಿಂದ ಕೇಳುವವರು ನಮ್ಮಲ್ಲಿ ಬಹುಮಂದಿ. ಕಾವ್ಯವೆಂದು ಪರಿಶೀಲಿಸುವವರು ವಿರಳ. ಅದರ ಸಂಕಮ್ಮನ ಸಾಲಿನಲ್ಲಿ ಬರುವ ಒಂದು ಶಬ್ದವನ್ನು ಹಿಡಿದು, ಇಂದಿನ ವಿವಾದವೊಂದನ್ನು ವಿಚಾರಮಾಡಬಹುದೆಂದು ನನಗೆ ತೋರುತ್ತದೆ.

ಸೋಲಿಗರ ನೀಲಯ್ಯನು ಜೇನಿಗಾಗಿ ಕಾಡಿಗೆ ಹೊರಡುವ ಮುನ್ನ, ಹೆಂಡತಿಯ ಶೀಲದಲ್ಲಿ ಶಂಕೆಗೊಂಡು, ಬಲಗೈ ಭಾಷೆ ಕೊಡೆಂದು ಕೇಳುತ್ತಾನೆ. ಸಂಕಮ್ಮ ಕೊಡಳು. ಅವನು ಹಿಂಸಿಸಿದಾಗಲೂ ಕೊಡಳು. ಇದನ್ನು ಬರಿಯ ಹಟವೆಂದೆಣಿಸುವವರು ಕಾವ್ಯದ ಮರ್ಮವನ್ನರಿಯರು. ಅವಳಲ್ಲಿ ನಿಷ್ಠೆಯುಂಟು, ಅದಕ್ಕೆ ಬಲಾತ್ಕಾರದ ಸಾಕ್ಷಿ ಬೇಕೆಂಬುದನ್ನು ಮಾತ್ರ ಅವಳು ಒಪ್ಪಲಿಲ್ಲ. ಮಾದೇಶ್ವರನು ಒಲಿದುದೂ ಅವಳಿಗೇ.

ಕನ್ನಡದಲ್ಲಿ ಆಣೆಗೂ ನುಡಿಗೂ ಭಾಷೆಯೆಂಬುದು ಒಂದೇ ಹೆಸರು. ವಲಸೆ ಬಂದವರಿಂದ ಬೆಳೆದ ಅಮೆರಿಕವು ಸುಮಾರು 250 ವರ್ಷ ರಾಷ್ಟ್ರಕ್ಕೊಂದು ಅಧಿಕೃತ ಭಾಷೆಯನ್ನು ಘೋಷಿಸದೆ ಇದ್ದು, 2025ರ ಮಾರ್ಚ್ 1ರಂದು ಅಧ್ಯಕ್ಷರ ಆಜ್ಞೆಯಿಂದ ಇಂಗ್ಲಿಷಿಗೆ ಆ ಪದವಿಯನ್ನು ಕೊಟ್ಟಿತು. ಅಲ್ಲಿಯ ಪ್ರಶ್ನೆ ಕೊಳ್ಳೇಗಾಲಕ್ಕೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ನೆರೆಯ ಯಳಂದೂರು ಮೈಸೂರಿನದು. ಎರಡು ಕಡೆಯೂ ಮನೆಮಾತು ಕನ್ನಡವೇ. ಆದರೆ ನಮ್ಮ ಜಿಲ್ಲೆಯ ಬಹುಜನರ ನುಡಿ ತಮಿಳು. ಪರಭಾಷೆಯ ಬಹುಮತದ ನಡುವೆ ಬಾಳುವುದೆಂದರೇನೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಈಗ ಪಾತ್ರಗಳು ಬದಲಾಗಿವೆ. 1963ರ ಅಧಿನಿಯಮವು ಕನ್ನಡವನ್ನು ರಾಜ್ಯದ ಆಡಳಿತಭಾಷೆಯನ್ನಾಗಿ ಮಾಡಿತು. ಗಡಿಯ ಊರುಗಳಲ್ಲಿ ತಮಿಳರಿದ್ದಾರೆ. ಹನೂರು ಸೀಮೆಯ ಒಡೆಯರಪಾಳ್ಯದಲ್ಲಿ ಟಿಬೆಟ್ಟಿನ ನಿರಾಶ್ರಿತರು ನೆಲಸಿದ್ದಾರೆ. ಇವರಿಂದ ನಾವು ಬಲಗೈ ಭಾಷೆಯನ್ನು ಕೇಳಬೇಕೆ?

ಗೃಹಕಲಹದ ಪ್ರಸಂಗವನ್ನು ರಾಜನೀತಿಗೆ ಎಳೆಯುವುದು ಅತಿಯೆಂದು ವಾಚಕರು ಆಕ್ಷೇಪಿಸಬಹುದು. ಕಚೇರಿಗೆ ಒಂದು ಭಾಷೆ ಬೇಕೆಂಬುದು ನನಗೂ ಸಮ್ಮತವೇ. ಬೇಸಾಯಗಾರನು ತನ್ನ ಪಹಣಿಯನ್ನು ತಾನೇ ಓದಿಕೊಳ್ಳುವಂತಾಗಬೇಕಾದರೆ ಇಲ್ಲಿ ಅದು ಕನ್ನಡವೇ ಆಗಬೇಕು. ಆದರೆ ಅದು ಸರಕಾರವು ಪ್ರಜೆಗೆ ಕೊಡುವ ಭಾಷೆ. ಪ್ರಜೆಯ ನಿಷ್ಠೆಯನ್ನು ಅಳೆಯುವ ಕೋಲಾಗಬಾರದು. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯುವಂತೆ ಯತ್ನಿಸಬೇಕೆಂದು ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯೂ ಹೇಳುತ್ತದೆ. ಮಗುವಿನ ನುಡಿಯನ್ನು ಉಳಿಸಿ ಕನ್ನಡವನ್ನು ಕಲಿಸಿದರೆ, ಕನ್ನಡಕ್ಕೆ ಒಬ್ಬ ನೆಂಟನು ದೊರೆಯುವನು. ಅದನ್ನು ಕಿತ್ತು ಕಲಿಸಿದರೆ, ಒಬ್ಬ ಸಾಲಗಾರನು ಮಾತ್ರ.

ಮಾದೇಶ್ವರನೂ ಉತ್ತರದೇಶದಿಂದ ಬಂದವನೆಂದೇ ಕಾವ್ಯವು ಹೇಳುತ್ತದೆ. ಬಂದವನನ್ನು ಮನೆದೇವರನ್ನಾಗಿ ಮಾಡಿಕೊಂಡ ನಾಡಿಗೆ, ಬಂದವರ ನಾಲಗೆಯ ಭಯವೇಕೆ?