ಗಾಳಿಗೆ ಬಂದ ಹೆಸರು

ತೊಳೆದ ಕಾರಿಗೆ ಬಟ್ಟೆ ಮುಟ್ಟಿಸಬಾರದು, ಗಾಳಿಯಿಂದಲೇ ಒಣಗಿಸಬೇಕು ಎನ್ನುವುದು ಈಗ ವಾದದ ಮಟ್ಟ ದಾಟಿ ನಂಬಿಕೆಯಾಗಿದೆ. ಬಸವಕಲ್ಯಾಣ, ಹುಮನಾಬಾದಿನ ಗಿರಾಕಿಯೂ ಕೊನೆಗೆ ‘ಹವಾ ಹೊಡೀರಿ’ ಎನ್ನುತ್ತಾನೆ. ಗೆರೆ ಬೀಳುವುದಿಲ್ಲ, ಕಲೆ ಉಳಿಯುವುದಿಲ್ಲ, ಬೇಗ ಮುಗಿಯುತ್ತದೆ ಎಂದು ಬ್ಲೋವರಿಗೆ ಮೂರು ಬಿರುದು. ಮೊದಲನೆಯದು ಅರ್ಧ ನಿಜ, ಮೂರನೆಯದು ಗಿರಾಕಿಯ ಗಡಿಬಿಡಿಗೆ ಬಿಟ್ಟದ್ದು. ಎರಡನೆಯದು ಮಾತ್ರ ನಮ್ಮ ಬೋರ್‌ವೆಲ್ ನೀರಿನ ಮುಂದೆ ನಿಲ್ಲುವುದಿಲ್ಲ.

ಬಾನೆಟ್ಟಿನ ಮೇಲೆ ಗಾಳಿ ಬಿದ್ದಾಗ ಆಗುವುದನ್ನು ಬಗ್ಗಿ ನೋಡಬೇಕು. ದಪ್ಪ ಹನಿಗಳು ಹೆದರಿದ ಕುರಿಹಿಂಡಿನಂತೆ ಒಂದೇ ಕಡೆ ಓಡುತ್ತವೆ. ನೋಡುವವರು ಮರುಳಾಗುವುದು ಅಲ್ಲೇ. ಓಡಿದ ಹನಿಯ ಹಿಂದೆ ತೆಳ್ಳನೆಯ ತೇವ ಉಳಿಯುತ್ತದೆ. ಬಣ್ಣಕ್ಕೆ ತೀರ ಅಂಟಿದ ಜಾಗದಲ್ಲಿ ಗಾಳಿಯ ವೇಗ ಸೊನ್ನೆಗಿಳಿಯುವುದರಿಂದ, ಎಷ್ಟು ಜೋರಾಗಿ ಊದಿದರೂ ಆ ತೇವವನ್ನು ಪೂರ್ತಿ ತಳ್ಳಲಾಗದು. ಅದು ಆವಿಯಾಗಿಯೇ ಹೋಗಬೇಕು. ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ ಸುಣ್ಣ, ಮೆಗ್ನೀಷಿಯಂ ಇದ್ದಲ್ಲೇ ಕೂರುತ್ತವೆ. ಈ ಸೀಮೆಯ ಕರಿಕಲ್ಲಿನ ಪದರದಿಂದ ಬರುವ ಗಡಸು ನೀರು ಏನು ಮಾಡುತ್ತದೆಂದು ಗೀಸರಿನ ಕಾಯಿಲ್ ಬಿಚ್ಚಿದವರಿಗೆ ಹೇಳಬೇಕಾಗಿಲ್ಲ.

ಲೆಕ್ಕ ಹಾಕೋಣ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ, ಕರಗಿದ ಒಟ್ಟು ಘನವಸ್ತು ಲೀಟರಿಗೆ 500 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಸಿಗದಿದ್ದರೆ 2000ದವರೆಗೂ ನಡೆಯುತ್ತದೆ. ಆ ಕಡಿಮೆ ಮಿತಿಯ ಒಳ್ಳೆಯ ನೀರೇ ಒಂದು ಲೋಟ, ಅಂದರೆ 200 ಮಿಲಿ ಲೀಟರ್, ಕಾರಿನ ಮೈಮೇಲೆ ಆರಿತೆಂದುಕೊಳ್ಳಿ. 100 ಮಿಲಿಗ್ರಾಂ ಲವಣ ಬಣ್ಣದ ಮೇಲೆ ಉಳಿಯಿತು. ಬಟ್ಟೆಯಾದರೆ ಲವಣವನ್ನು ನೀರಿನ ಜೊತೆಗೇ ಹೀರಿ ಒಯ್ಯುತ್ತದೆ. ಬೇಸಿಗೆಯಲ್ಲಿ ಇನ್ನೂ ಕಷ್ಟ: ಒಂದು ಬಾಗಿಲಿಗೆ ಗಾಳಿ ಹಿಡಿಯುವಷ್ಟರಲ್ಲಿ ಕಾದ ಟಾಪಿನ ಮೇಲೆ ಬಿಳಿ ಉಂಗುರಗಳು ಮೂಡಿರುತ್ತವೆ. ಕಪ್ಪು ಕಾರಿನ ಮಾಲೀಕರಿಗೆ ಇದು ಗೊತ್ತು. ಬಿಳಿ ಕಾರಿನವರು ಬ್ಲೋವರನ್ನು ಹೊಗಳುತ್ತಾರೆ.

ಇನ್ನು ಸಂದುಗೊಂದುಗಳು. ಕನ್ನಡಿಯ ಗೂಡು, ಬಾಗಿಲ ಹಿಡಿ, ನಂಬರ್ ಪ್ಲೇಟಿನ ಹಿಂಭಾಗ, ಗ್ರಿಲ್ಲು, ಪೆಟ್ರೋಲ್ ಮುಚ್ಚಳದ ಸುತ್ತ: ಇವು ಗಾಳಿಯ ನಿಜವಾದ ಕ್ಷೇತ್ರ, ಇಲ್ಲಿ ಬಟ್ಟೆ ಸೋಲುತ್ತದೆ. ಆದರೆ ಇಲ್ಲಿಯೂ ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು. ಮೊದಲು ಬಾಗಿಲಿಗೆ, ಆಮೇಲೆ ಕನ್ನಡಿಗೆ ಹೊಡೆದರೆ ಕನ್ನಡಿಯ ನೀರು ಒಣಗಿದ ಬಾಗಿಲ ಮೇಲೆ ಚಿಮ್ಮುತ್ತದೆ. ಕನ್ನಡಿಯನ್ನು ಬಿಟ್ಟೇಬಿಟ್ಟರೆ, ಬಸವಕಲ್ಯಾಣದಲ್ಲಿ ತೊಳೆದ ಕಾರು ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಮುಟ್ಟುವಷ್ಟರಲ್ಲಿ ಬಾಗಿಲುದ್ದಕ್ಕೂ ನೀರಿನ ಗೀಟು, ಅದರ ಮೇಲೆ ಧೂಳು.

ಈ ಪದ್ಧತಿಗೆ ಹೆಸರು ತಂದುಕೊಟ್ಟದ್ದು ಸುರಂಗದಂಥ ದೊಡ್ಡ ಸ್ವಯಂಚಾಲಿತ ಕಾರ್ ವಾಶ್‌ಗಳು. ಅಲ್ಲಿ ಬ್ಲೋವರ್ ಒಂಟಿಯಾಗಿ ದುಡಿಯುವುದಿಲ್ಲ. ನೀರಿನ ಹಾಳೆ ಒಡೆದು ಹನಿಯಾಗಿ ಜಾರಲೆಂದು ಮೊದಲೊಂದು ದ್ರಾವಣ ಸಿಂಪಡಿಸುತ್ತಾರೆ. ಅನೇಕ ಕಡೆ ಕೊನೆಯ ಜಾಲಾಟಕ್ಕೆ ಲವಣ ತೆಗೆದ ನೀರು ಬಳಸುತ್ತಾರೆ. ಗಾಳಿಯ ಸರದಿ ಬರುವುದು ಆಮೇಲೆ. ನಾವು ಆ ಎರಡನ್ನೂ ಬಿಟ್ಟು ಸದ್ದು ಮಾಡುವ ಭಾಗವನ್ನಷ್ಟೇ ತಂದುಕೊಂಡೆವು.

ಡಿಟೇಲಿಂಗ್ ಪಂಡಿತರ ಜೊತೆ ನನ್ನ ತಕರಾರು ಇಲ್ಲಿಂದ ಶುರು. ಅವರು ಬ್ಲೋವರನ್ನು ಹೋಲಿಸುವುದು ಯಾವುದರ ಜೊತೆ? ಗಾಲಿ ಒರೆಸಿ, ಇಂಜಿನ್ ಒರೆಸಿ, ನೆಲಕ್ಕೆ ಬಿದ್ದು ಮತ್ತೆ ಬಾನೆಟ್ಟಿಗೆ ಬಂದ ಗ್ಯಾರೇಜಿನ ಚಿಂದಿಯ ಜೊತೆ. ಬಣ್ಣದ ಮೇಲಿನ ಪಾರದರ್ಶಕ ಪದರ ಸುಮಾರು 40–50 ಮೈಕ್ರಾನ್ ಅಷ್ಟೆ. ಅಂಥ ಚಿಂದಿ ಅದನ್ನು ಗೀರುತ್ತದೆ, ಯಾರು ಇಲ್ಲವೆಂದರು? ಒಗೆದಿಟ್ಟ ದಪ್ಪ ಮೈಕ್ರೋಫೈಬರ್ ಟವೆಲನ್ನು ಉಜ್ಜದೆ ಹಾಸಿ ಎಳೆದು ಆಮೇಲೆ ಹೋಲಿಸಲಿ. ಅವರ ಪ್ರಾತ್ಯಕ್ಷಿಕೆಯ ಕಾರಿಗೆ ಆಗಲೇ ಸಿರಾಮಿಕ್ ಕೋಟಿಂಗ್ ಆಗಿರುತ್ತದೆ. ಅದರ ಮೇಲೆ ಪೈಪಿನ ತುದಿಯ ಗನ್ ತೆಗೆದು ನೀರನ್ನು ಮೆಲ್ಲಗೆ ಹರಿಬಿಟ್ಟರೆ ಮುಕ್ಕಾಲು ಪಾಲು ತಾನೇ ಜಾರಿ ಹೋಗುತ್ತದೆ. ಕೋಟಿಂಗ್ ಮಾಡಿದ ಕೆಲಸಕ್ಕೆ ಬ್ಲೋವರ್ ಸನ್ಮಾನ ಮಾಡಿಸಿಕೊಳ್ಳುತ್ತದೆ. ‘ಮನುಷ್ಯರ ಕೈಯೇ ಸೋಕಿಲ್ಲ’ ಎಂಬುದನ್ನು ಕಾಯಕದ ಊರಾದ ಕಲ್ಯಾಣದಲ್ಲಿ ಹೆಚ್ಚುಗಾರಿಕೆಯೆಂದು ಹೇಳುವುದೂ ಒಂದು ತಮಾಷೆ.

ಮೇಲಾಗಿ ಇಲ್ಲಿ ಬ್ಲೋವರ್ ಎಂದು ನಡೆಯುವುದು ಬಹಳ ಸಲ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ. ಬ್ಲೋವರ್ ಹೆಚ್ಚು ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಕೊಡುತ್ತದೆ, ಕಂಪ್ರೆಸರ್ ಕಡಿಮೆ ಗಾಳಿಯನ್ನು ಭಾರಿ ಒತ್ತಡದಲ್ಲಿ. ಟ್ಯಾಂಕಿನಲ್ಲಿ ತಣ್ಣಗಾದ ಗಾಳಿ ನೀರು ಬಿಡುತ್ತದೆ, ಪಂಪಿನ ಎಣ್ಣೆಯ ಅಂಶವೂ ಸೇರುತ್ತದೆ. ಹೆದ್ದಾರಿಯ ಲಾರಿ ಡ್ರೈವರುಗಳು ಇದನ್ನು ಬಲ್ಲರು: ಬ್ರೇಕಿನ ಗಾಳಿ ಟ್ಯಾಂಕಿನ ನೀರನ್ನು ಆಗಾಗ ಕೆಳಗಿನಿಂದ ಬಿಡುತ್ತಾರೆ. ಕಂಪ್ರೆಸರ್ ತಳದ ನಲ್ಲಿ ತಿರುಗಿಸದವನ ಗನ್ನು ಮಾತ್ರ ತೊಳೆದ ಕಾರಿನ ಮೇಲೆ ತುಕ್ಕುನೀರು ಉಗುಳುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಸ್ವಚ್ಛತೆಗೆ ಬಳಸುವ ಗಾಳಿಯ ಒತ್ತಡ 30 ಪಿಎಸ್‌ಐಗಿಂತ ಕೆಳಗಿರಬೇಕು ಎನ್ನುತ್ತದೆ. ಇಲ್ಲಿ ಅದೇ ಗನ್ನಿನಿಂದ ಹುಡುಗರು ಒದ್ದೆ ಅಂಗಿ ಒಣಗಿಸಿಕೊಳ್ಳುತ್ತಾರೆ.

ಬ್ಲೋವರ್ ದಂಡ ಎನ್ನುವ ಬಿಸಿಲುವಾದಿಗಳ ಪಕ್ಷವೂ ನನ್ನದಲ್ಲ. ಬೈಕಿನ ಇಂಜಿನ್ ರೆಕ್ಕೆಗಳ ನಡುವೆ, ಚೈನಿನಲ್ಲಿ, ಸ್ವಿಚ್ಚುಗಳ ಒಳಗೆ ನಿಂತ ನೀರಿಗೆ ಗಾಳಿಯಷ್ಟು ಒಳ್ಳೆಯ ಮದ್ದಿಲ್ಲ. ಆಯುಧಪೂಜೆಯ ಬೆಳಿಗ್ಗೆ ಸಾಲುಗಟ್ಟಿದ ಬೈಕುಗಳಿಗೆ ಅದೇ ಸರಿ. ಕಾರಿನ ಮೈಗೆ ಬೇಕಾದದ್ದು ಕೊನೆಯಲ್ಲೊಂದಿಷ್ಟು ಮೆದು ನೀರು. ಹಾಗೆಂದು ಶುದ್ಧ ನೀರಿನ ಘಟಕದ ಕ್ಯಾನನ್ನು ಕಾರಿಗೆ ಸುರಿಯಿರಿ ಎಂದು ಬೀದರ ಜಿಲ್ಲೆಯಲ್ಲಿ ಕೂತು ಬರೆಯಲಾರೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯೇ ಕುಡಿಯುವ ನೀರಲ್ಲಿ ಕಾರು ತೊಳೆದವರಿಗೆ 5000 ರೂಪಾಯಿ ದಂಡ ಹಾಕಹೊರಟಿತ್ತು. ಹಾಗಾಗಿ ನೆರಳಲ್ಲಿ ನಿಲ್ಲಿಸಿ, ಮೊದಲು ಸಂದುಗಳಿಗೆ ಮಾತ್ರ ಹವಾ ಹೊಡೆಸಿ, ಉಳಿದ ಮೈಯನ್ನು ತೇವ ಆರುವ ಮೊದಲೇ ಎರಡು ಟವೆಲಿನಲ್ಲಿ ಒರೆಸಿಸಿ. ಟವೆಲು ಮನೆಯಿಂದಲೇ ಒಯ್ದರೆ ಒಳ್ಳೆಯದು.