ಮೊದಲೇ ತಿಳಿದ ಸೋಲು

ನಮ್ಮ ಸೊಲ್ಲಾಪುರ ಸೀಮೆಯ ಜಾತ್ರೆಗಳ ನಿಕಾಲಿ ಕುಸ್ತಿಯಲ್ಲಿ ಒಬ್ಬ ಪೈಲವಾನನ ಬೆನ್ನು ಮಣ್ಣಿಗೆ ಹತ್ತಿದಾಗಲೇ ನಿರ್ಣಯ; ಮುಂಚೆ ಅದನ್ನು ಬಲ್ಲವರಾರು? ಇದನ್ನು ಕಂಡು ಬೆಳೆದವನಿಗೆ ದೂರದರ್ಶನದ ಅಮೇರಿಕೆಯ ವೃತ್ತಿ ಕುಸ್ತಿ ವಿಚಿತ್ರವೆನಿಸುವುದು ಸಹಜ. ಅಲ್ಲಿ ಗೆಲ್ಲುವವನನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಇದು ಸ್ಪರ್ಧೆಯಲ್ಲ, ಮನರಂಜನೆಯೆಂದು ಅಲ್ಲಿಯ ದೊಡ್ಡ ಸಂಸ್ಥೆಯೇ 1989ರಲ್ಲಿ ನ್ಯೂಜೆರ್ಸಿಯ ಶಾಸಕರ ಮುಂದೆ ಒಪ್ಪಿಕೊಂಡಿತು. “ಹಾಗಾದರೆ ಇದು ಮೋಸವಲ್ಲವೇ, ಗುರುಗಳೇ?” ಎಂದು ಮಕ್ಕಳು ಕೇಳುತ್ತಾರೆ.

ಉತ್ತರಕ್ಕಾಗಿ ರನ್ನನ ‘ಗದಾಯುದ್ಧ’ವನ್ನು ನೆನೆಯಬೇಕು. ದುರ್ಯೋಧನನ ತೊಡೆ ಮುರಿಯುವುದೆಂದು ಬಲ್ಲವರೇ ಅದನ್ನು ಸಾವಿರ ವರ್ಷಗಳಿಂದ ಓದುತ್ತಿದ್ದಾರೆ; ಯಾರೂ ಅದನ್ನು ಮೋಸವೆಂದಿಲ್ಲ. ವೃತ್ತಿ ಕುಸ್ತಿ ಆಟವಲ್ಲ, ನೋಟವೆಂದು ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತನು ತನ್ನ 1957ರ ಪುಸ್ತಕದಲ್ಲಿ ವಿವರಿಸಿದ್ದಾನೆ. ನೋಟಕನಿಗೆ ಅಲ್ಲಿ ಫಲಕ್ಕಿಂತ ಭಾವವೇ ಮುಖ್ಯ.

ಆದುದರಿಂದ ಅಂತ್ಯ ಗೊತ್ತಿರುವುದು ದೋಷವಲ್ಲ, ಕೊರತೆ ಬೇರೆಡೆಯಿದೆ. ಆ ಕಣದ ಖಳನು ಬಹುಮಟ್ಟಿಗೆ ಜನರ ಬೈಗುಳಕ್ಕಾಗಿಯೇ ನಿಂತವನು. ರನ್ನನ ದುರ್ಯೋಧನನಾದರೋ ರಣಭೂಮಿಯಲ್ಲಿ ವೈರಿಯ ಮಗ ಅಭಿಮನ್ಯುವಿನ ಶೌರ್ಯವನ್ನು ಮನಸಾರೆ ಕೊಂಡಾಡುತ್ತಾನೆ. ಅವನು ಬಿದ್ದಾಗ ನಮ್ಮ ಮನ ಮರುಗುತ್ತದೆ. ಸೋಲುವವನಲ್ಲಿ ದೊಡ್ಡತನವನ್ನು ಕಾಣಿಸದ ಕಾಳಗ ಗದ್ದಲವಾದೀತು, ಕಾವ್ಯವಾಗಲಾರದು. ಮಕ್ಕಳು ಅದನ್ನು ನೋಡಲಿ. ಅಲ್ಲಿ ಬೀಳುವ ಪೆಟ್ಟು ನಿಜವಾದುದರಿಂದ ಅನುಕರಿಸದಿರಲಿ. ನೋಡಿದ ಮೇಲೆ ಸೋತವನಿಗಾಗಿ ಮನ ಕರಗಿತೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ.